ಅಟ್ಟದ ಚೆಂಬಿನ ಸವಕಲು ದುಡ್ಡು: ಯಾವುದು ಅಂತ ಗುರುತಿಸೋದು, ಎಷ್ಟು ಸವೆದಿದೆ ಅಂತ ದರ್ಜೆ ಹಾಕೋದು

ಮೊದಲ ಮಾತು. ಹುಣಸೆಹಣ್ಣು ದೂರ ಇಡಿ.

ಇದನ್ನು ಶುರುವಿನಲ್ಲೇ ಹೇಳುವುದಕ್ಕೆ ಕಾರಣ ಇದೆ, ಆ ತಪ್ಪು ಮಾಡಿದವನು ನಾನೇ. ಶಿರಸಿ ಹತ್ತಿರ ಅಮ್ಮಮ್ಮನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಹಿತ್ತಾಳೆ ಚೆಂಬು ಸಿಕ್ಕಿತು. ಬಾಯಿಗೆ ಬಟ್ಟೆ ಕಟ್ಟಿತ್ತು. ಒಳಗೆ ನಲವತ್ತೇಳು ತಾಮ್ರದ ಬಿಲ್ಲೆ, ಕರ್ರಗೆ, ಜಿಡ್ಡು ಜಿಡ್ಡು, ಕೆಲವಕ್ಕೆ ಹಸಿರು ಹಿಡಿದಿತ್ತು. ದೀಪದ ಕಂಬ ತಿಕ್ಕುವ ಹಾಗೆ ಹುಣಸೆಹುಳಿ, ಬೂದಿ ಹಾಕಿ ಆರು ಬಿಲ್ಲೆ ತಿಕ್ಕಿದೆ. ಫಳಫಳ ಅಂದವು. ಅದರಲ್ಲಿ ಒಂದರ ಮೇಲೆ ಮೊದಲು ಆನೆಯ ಬೆನ್ನಿನ ಗೆರೆ ಮಸುಕಾಗಿ ಕಾಣುತ್ತಿತ್ತು. ತಿಕ್ಕಿದ ಮೇಲೆ ಆನೆಯೂ ಇಲ್ಲ, ಬೆನ್ನೂ ಇಲ್ಲ, ಕೆಂಪಗೆ ಒಂದು ತಾಮ್ರದ ತುಂಡು ಅಷ್ಟೆ.

ಯಾಕೆ ಹಾಗಾಯಿತು ಅಂದರೆ, ಸವೆದ ನಾಣ್ಯದಲ್ಲಿ ಉಬ್ಬು ತಗ್ಗು ಉಳಿದಿರುವುದು ಕೂದಲೆಳೆಯಷ್ಟು. ಚಿತ್ರ ಕಣ್ಣಿಗೆ ಕಾಣುವುದು ಆ ಉಬ್ಬಿನಿಂದ ಕಡಿಮೆ, ಬಣ್ಣದ ವ್ಯತ್ಯಾಸದಿಂದ ಜಾಸ್ತಿ. ತಗ್ಗಿನಲ್ಲಿ ಕಪ್ಪು ಕೂತಿರುತ್ತದೆ, ಉಬ್ಬಿದ ಕಡೆ ಕೈ ತಾಗಿ ತಾಗಿ ತಿಳಿಯಾಗಿರುತ್ತದೆ. ಹುಳಿ ಆ ಕಪ್ಪನ್ನು ತಿಂದುಬಿಟ್ಟರೆ ಓದುವುದಕ್ಕೆ ಏನೂ ಉಳಿಯುವುದಿಲ್ಲ. ಉಳಿದ ನಲವತ್ತೊಂದನ್ನು ಮುಟ್ಟದೆ ಇಟ್ಟೆ, ಮತ್ತೆ ನಾಲ್ಕೈದು ವರ್ಷ ಅವುಗಳ ಮೇಲೇ ಕಲಿತೆ. ಕಲಿತದ್ದು ಇಷ್ಟೇ: ಸವಕಲು ನಾಣ್ಯದಲ್ಲಿ ಅಕ್ಷರ ಹುಡುಕಲು ಹೋಗಬೇಡಿ, ಅಕ್ಷರ ಕೊನೆಗೆ. ಮೊದಲು ತೂಕ, ಅಗಲ, ದಪ್ಪ, ಅಂಚು. ಆಮೇಲೆ ಆಕಾರ.

ನಮ್ಮ ಜಿಲ್ಲೆಯ ಡಬ್ಬಿಗಳಲ್ಲಿ ಯಾಕೆ ಇಷ್ಟು ಕಲಬೆರಕೆ

ಬೇರೆ ಊರಿನವರಿಗೆ ಇಷ್ಟು ತಲೆನೋವಿಲ್ಲ. ಮೈಸೂರಿನ ಕಡೆ ಹಳೇ ಡಬ್ಬಿ ತೆಗೆದರೆ ಹೆಚ್ಚಿನದು ಮೈಸೂರಿನದೇ. ನಮ್ಮಲ್ಲಿ ಹಾಗಲ್ಲ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ, ಸೋದೆಯೂ ಅವನ ಕೈಗೆ ಬಂತು. ಅವನ ಆಮೇಲೆ ಟಿಪ್ಪು. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಡೀ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಪ್ರಾಂತ್ಯಕ್ಕೆ ಹೋಯಿತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿಗೆ ಸೇರಿಸಿದರು. ಪಕ್ಕದಲ್ಲಿ ಗೋವೆ, ಅಲ್ಲಿ ಪೋರ್ಚುಗೀಸರು. ಕುಮಟಾ ಬಂದರಿನಿಂದ ಘಟ್ಟದ ಮೇಲಿನ ಹತ್ತಿ ಮುಂಬಯಿಗೆ ಹೋಗುತ್ತಿತ್ತು, ಅಡಿಕೆ ಮೆಣಸು ಎಲ್ಲ ಕಡೆಗೂ ಹೋಗುತ್ತಿತ್ತು. ಹಾಗಾಗಿ ಒಂದೇ ಚೆಂಬಿನಲ್ಲಿ ಟಿಪ್ಪುವಿನ ಆನೆ, ಮದ್ರಾಸಿನ ಕಾಸು, ಮುಂಬಯಿಯ ತಕ್ಕಡಿ ಪೈಸೆ, ಗೋವೆಯ ತಾಂಗ, ವಿಕ್ಟೋರಿಯಾ ರಾಣಿ, ಎಲ್ಲ ಸಿಗಬಹುದು. ನನ್ನ ಚೆಂಬಿನಲ್ಲಿ ಸಿಕ್ಕಿತು.

ದುಡ್ಡು ಅನ್ನುವ ಮಾತೇ ಒಂದು ಕಾಲದಲ್ಲಿ ಒಂದು ತಾಮ್ರದ ನಾಣ್ಯದ ಹೆಸರು. ಈಗ ಫೋನಿನಲ್ಲಿ ಕಳಿಸುವುದಕ್ಕೂ ದುಡ್ಡೇ ಅನ್ನುತ್ತೇವೆ.

ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. 0.01 ಗ್ರಾಂವರೆಗೆ ತೋರಿಸುವ ಜೇಬಿನ ತೂಕದ ಯಂತ್ರ ಒಂದು. ಪ್ಲಾಸ್ಟಿಕ್ ವರ್ನಿಯರ್ ಸಾಕು, ಕಬ್ಬಿಣದ್ದು ಗೀರುತ್ತದೆ. ಹತ್ತು ಪಟ್ಟಿನ ಭೂತಗನ್ನಡಿ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದೂ ನಡೆಯುತ್ತದೆ. ಸಣ್ಣ ಟಾರ್ಚು. ಒಂದು ಅಯಸ್ಕಾಂತ. ಕೆಳಗೆ ಹಾಸುವುದಕ್ಕೆ ಹಳೇ ಮೆತ್ತಗಿನ ಪಂಚೆ, ಯಾಕೆಂದರೆ ನಾಣ್ಯ ಕೈಜಾರಿ ಬೀಳುವುದು ಖಂಡಿತ.

ಮೊದಲು ಅಯಸ್ಕಾಂತ. ತಾಮ್ರ ಅಂಟುವುದಿಲ್ಲ. ಅಂಟಿತು ಅಂದರೆ ಅದು ಹಳೇ ತಾಮ್ರದ ದುಡ್ಡಲ್ಲ, ಪಕ್ಕಕ್ಕಿಡಿ. ಆಮೇಲೆ ತೂಕ, ಅಗಲ ಬರೆದುಕೊಳ್ಳಿ. ಸವೆದ ನಾಣ್ಯ ತನ್ನ ಮೂಲ ತೂಕಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ, ತೀರಾ ಸವೆದಿದ್ದರೆ ಇನ್ನೂ ಕಡಿಮೆ. ಜಾಸ್ತಿ ಬಂದರೆ ಮಾತ್ರ ಅನುಮಾನ ಪಡಿ. ಯಂತ್ರದಲ್ಲಿ ಅಚ್ಚು ಹಾಕಿದ ಕಂಪನಿ ನಾಣ್ಯಕ್ಕೆ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ, ಕೈಯಲ್ಲಿ ಬಡಿದ ನಾಣ್ಯಕ್ಕೆ ಸ್ವಲ್ಪ ಸಡಿಲ ಬಿಡಬೇಕು.

ಆಮೇಲೆ ಬೆಳಕು. ಇದೇ ಮುಖ್ಯ ಕೆಲಸ. ರಾತ್ರಿ ಕೋಣೆಯ ದೀಪ ಆರಿಸಿ, ನಾಣ್ಯವನ್ನು ಪಂಚೆಯ ಮೇಲೆ ಇಟ್ಟು, ಟಾರ್ಚನ್ನು ಹೆಚ್ಚುಕಡಿಮೆ ನೆಲಕ್ಕೆ ಮಲಗಿಸಿ ಪಕ್ಕದಿಂದ ಬೆಳಕು ಬಿಡಿ. ಮೇಲಿನಿಂದ ಬಿಟ್ಟರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಬಿಟ್ಟರೆ ಕೂದಲೆಳೆಯಷ್ಟು ಉಬ್ಬಿಗೂ ನೆರಳು ಬೀಳುತ್ತದೆ. ಈಗ ಟಾರ್ಚು ಅಲ್ಲಾಡಿಸಬೇಡಿ, ನಾಣ್ಯವನ್ನು ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಒಂದು ಗೆರೆ ಎದ್ದು ಬರುತ್ತದೆ, ಇನ್ನೊಂದರಲ್ಲಿ ಅದು ಮಾಯವಾಗಿ ಬೇರೊಂದು ಬರುತ್ತದೆ. ಫೋನಿನಲ್ಲಿ ನಾಲ್ಕು ದಿಕ್ಕಿನ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆದು, ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ, ಒಂದಾದ ಮೇಲೆ ಒಂದು ಬೆರಳಲ್ಲಿ ಸರಿಸಿ ನೋಡಿ. ಕಣ್ಣಿಗೆ ಸಿಗದ್ದು ಅಲ್ಲಿ ಸಿಗುತ್ತದೆ.

ತೆಳ್ಳಗಿನ ಬೆಣ್ಣೆ ಕಾಗದ ಇಟ್ಟು ಮೆತ್ತಗಿನ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದೂ ಒಂದು ದಾರಿ. ಚಿಕ್ಕವರಿದ್ದಾಗ ನೋಟುಬುಕ್ಕಿನಲ್ಲಿ ಎಲ್ಲರೂ ಮಾಡಿದ್ದೇವೆ ಅಲ್ವಾ, ಅದೇ. ಆದರೆ ಹಸಿರು ಪುಡಿ ಉದುರುವ ನಾಣ್ಯಕ್ಕೆ ಇದು ಬೇಡ.

ಆನೆ ಕಂಡರೆ

ಆನೆ ಕಂಡ ಕೂಡಲೇ ಎಲ್ಲರೂ ಟಿಪ್ಪು ಅನ್ನುತ್ತಾರೆ. ಮುಕ್ಕಾಲು ಪಾಲು ಸರಿ. ಆದರೆ ಹೈದರಾಲಿ ತನ್ನ ಕೊನೆಯ ವರ್ಷಗಳಲ್ಲಿ ಆನೆ ಪೈಸೆ ಹೊರಡಿಸಿದ್ದ, ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲೂ ಆನೆ ಇದೆ, ಇನ್ನೂ ಹಿಂದೆ ಹೋದರೆ ವಿಜಯನಗರದ ದೇವರಾಯನ ಸಣ್ಣ ನಾಣ್ಯಗಳಲ್ಲೂ ಇದೆ.

ಟಿಪ್ಪುವಿನ ಪೈಸೆಯ ತೂಕ ಸುಮಾರು 11.4 ಗ್ರಾಂ. ಅರ್ಧ ಪೈಸೆ 5.7, ಕಾಲು 2.8, ಅರೆಕಾಲು 1.4ರ ಆಸುಪಾಸು. ಎರಡು ಪೈಸೆಯ ದೊಡ್ಡ ಬಿಲ್ಲೆಯೂ ಇದೆ, ಅದರಲ್ಲಿ ಆನೆ ಬಾವುಟ ಹೊತ್ತಿರುತ್ತದೆ. ಕೈಗೆ ತೆಗೆದುಕೊಂಡರೇ ಗೊತ್ತಾಗುತ್ತದೆ: ಪೈಸೆಯ ಅಗಲ ಬ್ರಿಟಿಷರ ಕಾಲಾಣೆಯಷ್ಟೇ ಹೆಚ್ಚುಕಡಿಮೆ, ಆದರೆ ದಪ್ಪ, ತೂಕ ಅದರ ದುಪ್ಪಟ್ಟಿನ ಹತ್ತಿರ. ಗಟ್ಟಿ ಗುಂಡು ಬಿಲ್ಲೆ, ಅಂಚು ಪೂರ್ತಿ ದುಂಡಗಿರುವುದಿಲ್ಲ.

ನನ್ನ ಚೆಂಬಿನ ಒಂದನ್ನು ಹೇಗೆ ಓದಿದೆ ಅಂತ ಹೇಳುತ್ತೇನೆ. ತೂಕ 10.74. ಎರಡೂ ಕಡೆ ನುಣ್ಣಗೆ, ಹೊಳೆಯ ಕಲ್ಲಿನ ಹಾಗೆ. ಟಾರ್ಚು ಎಡದಿಂದ ಬಿಟ್ಟು ತಿರುಗಿಸಿದೆ. ಮೊದಲು ಕಂಡಿದ್ದು ಕೆಳಗಡೆ ನಾಲ್ಕು ಮೊಂಡು ಕಡ್ಡಿ. ಕಾಲು. ಅದರ ಮೇಲೆ ಕಮಾನಿನಂಥ ಒಂದು ಗೆರೆ, ಬೆನ್ನು. ಕಮಾನು ಒಂದು ಕಡೆ ಜಾರಿ ಇಳಿಯುತ್ತದೆ, ಇನ್ನೊಂದು ಕಡೆ ಉಬ್ಬಿ ನಿಲ್ಲುತ್ತದೆ. ಉಬ್ಬಿದ ಕಡೆ ತಲೆ, ಜಾರಿದ ಕಡೆ ಬಾಲ. ತಲೆ ಬಲಕ್ಕಿದೆ. ಇದನ್ನು ಬರೆದುಕೊಳ್ಳಬೇಕು, ಟಿಪ್ಪುವಿನ ಆನೆ ಎಡಕ್ಕೂ ನೋಡುತ್ತದೆ, ಬಲಕ್ಕೂ ನೋಡುತ್ತದೆ, ಟಂಕಸಾಲೆ ಮತ್ತು ವರ್ಷ ಹಿಡಿಯುವುದಕ್ಕೆ ಆ ದಿಕ್ಕು ಬೇಕು. ಹಿಂಬದಿಯಲ್ಲಿ ಅಂಚಿಗೆ ಒಂದು ವೃತ್ತದ ಚೂರು, ಅದರ ಪಕ್ಕ ಚುಕ್ಕಿಗಳ ಸಾಲು, ನಡುವೆ ಬಿಲ್ಲಿನಂತೆ ಬಾಗಿದ ಒಂದು ಉದ್ದ ಗೆರೆ. ಪರ್ಸಿಯನ್ ಲಿಪಿ. ಅಲ್ಲಿ ಟಂಕಸಾಲೆಯ ಊರಿನ ಹೆಸರು ಇರುತ್ತದೆ: ಪಟನ್ ಅಂದರೆ ಶ್ರೀರಂಗಪಟ್ಟಣ, ನಗರ್ ಅಂದರೆ ನಮ್ಮ ಘಟ್ಟದ ಮೇಲಿನ ಬಿದನೂರು. ಪರ್ಸಿಯನ್ ಬಾರದಿದ್ದರೂ ಪರವಾಗಿಲ್ಲ. ಈ ಎರಡು ಪದಗಳ ಆಕಾರವನ್ನು ಚೆನ್ನಾಗಿ ಉಳಿದ ನಾಣ್ಯದ ಫೋಟೋದಿಂದ ಬರೆದುಕೊಂಡು ಪಕ್ಕಕ್ಕಿಟ್ಟುಕೊಳ್ಳಿ, ಅಕ್ಷರದ ಬದಲು ಚಿತ್ರದಂತೆ ಹೋಲಿಸಿ.

ವರ್ಷದ ವಿಷಯದಲ್ಲಿ ಒಂದು ಗಮ್ಮತ್ತಿದೆ. ಟಿಪ್ಪು ಮೊದಲು ಹಿಜ್ರಿ ವರ್ಷ ಹಾಕಿದ, ಆಮೇಲೆ ತನ್ನದೇ ಮೌಲೂದಿ ಶಕ ತಂದ. ಅದು 1215ರಿಂದ ಶುರು, ಅಂದರೆ ನಮ್ಮ 1787ರ ಆಸುಪಾಸು. ಈ ಶಕದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿದ್ದಾರೆ. ಹಾಗಾಗಿ 1218 ಅನ್ನುವುದು ನೋಡುವುದಕ್ಕೆ 8121 ಅಂತ ಕಾಣುತ್ತದೆ, ಗೊತ್ತಿಲ್ಲದವರು ತಲೆ ಕೆಡಿಸಿಕೊಳ್ಳುತ್ತಾರೆ. ಸರಿಯಾಗಿ ಓದಿದ ಮೇಲೆ 572 ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ. 1218 ಆದರೆ 1790. ಆ ಪಂಚಾಂಗ ನಮ್ಮ ಚಾಂದ್ರಮಾನ ಸಂವತ್ಸರದ ಲೆಕ್ಕಕ್ಕೇ ಹೊಂದಿಕೊಂಡದ್ದು, ಅದಕ್ಕೇ ಕೂಡಿಸುವ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಹಿಜ್ರಿಗೆ ಈ ಸುಲಭ ಇಲ್ಲ.

ಅಂದ ಹಾಗೆ ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ಆಕಾಶದ ಹೆಸರಿಟ್ಟಿದ್ದ. ಪೈಸೆ ಜೊಹ್ರಾ, ಶುಕ್ರ. ಅರ್ಧ ಪೈಸೆ ಬಹರಾಮ್, ಮಂಗಳ. ಕಾಲು ಅಖ್ತರ್, ನಕ್ಷತ್ರ. ಅರೆಕಾಲು ಕುತ್ಬ್, ಧ್ರುವ. ಸಂತೆಯಲ್ಲಿ ಯಾರಾದರೂ ಎರಡು ಶುಕ್ರ ಕೊಟ್ಟು ಬಂಗಡೆ ಕೊಂಡಿರಬಹುದಾ ಅಂತ ನನಗೆ ಆಗಾಗ ಅನಿಸುತ್ತದೆ.

ಕೃಷ್ಣರಾಜರ ಆನೆ ಬೇರೆ. ಅದರ ಮೇಲೆ ಸೂರ್ಯ ಚಂದ್ರ, ನಡುವೆ ಶ್ರೀ. ಹಿಂಬದಿಯಲ್ಲಿ ಕನ್ನಡ ಇರುತ್ತದೆ, ಮಯಿಲಿ ಕಾಸು ಅಂತ, ಜೊತೆಗೆ ಇಂಗ್ಲಿಷಿನಲ್ಲೂ ಬೆಲೆ. ಆಮೇಲಿನ ವರ್ಷಗಳಲ್ಲಿ ಆನೆ ಹೋಗಿ ಚಾಮುಂಡಿಯ ಸಿಂಹ ಬಂತು. ಸವೆದು ಏನೂ ಕಾಣದಿದ್ದರೆ ಆನೆಯ ತಲೆಯ ಮೇಲ್ಗಡೆ ನೋಡಿ. ಅಲ್ಲಿ ಒಂದು ದುಂಡು ಬೊಟ್ಟು, ಒಂದು ಬಾಗಿದ ಚೂರು ಕಂಡರೆ ಒಡೆಯರದ್ದು. ಇನ್ನೂ ಹಳೆಯ ಮೈಸೂರು ಕಾಸುಗಳು ಬೆರಳ ತುದಿಯಷ್ಟು. ಒಂದು ಕಡೆ ಕನ್ನಡ ಅಂಕಿ ಅಥವಾ ಆನೆ, ಇನ್ನೊಂದು ಕಡೆ ಜೋಡಿ ಗೆರೆಗಳ ಚೌಕುಳಿ. ಆ ಚೌಕುಳಿ ಎಷ್ಟು ಸವೆದರೂ ಗೊತ್ತಾಗುತ್ತದೆ.

ತಕ್ಕಡಿ, ಸಿಂಹ, ರಾಣಿ

ತಕ್ಕಡಿ ಕಂಡರೆ ಮುಂಬಯಿ ಪ್ರಾಂತ್ಯದ ಕಂಪನಿ ಪೈಸೆ. ಎರಡು ತಟ್ಟೆಯ ನಡುವೆ ಪರ್ಸಿಯನ್‌ನಲ್ಲಿ ಅದಲ್ ಅಂತ ಬರೆದಿದೆ, ನ್ಯಾಯ ಅಂತ ಅರ್ಥ. 1791, 1794ರವು ಬರ್ಮಿಂಗ್‌ಹ್ಯಾಮಿನ ಬೋಲ್ಟನ್ನನ ಸೋಹೊ ಟಂಕಸಾಲೆಯಲ್ಲಿ ಹಬೆಯಂತ್ರದಿಂದ ಅಚ್ಚು ಹಾಕಿ ಹಡಗಿನಲ್ಲಿ ಬಂದವು. ಇನ್ನೊಂದು ಬದಿಗೆ ಕಂಪನಿಯ ಮುದ್ರೆ, ಹೃದಯದ ಆಕಾರದೊಳಗೆ ಅಕ್ಷರಗಳು, ಮೇಲೆ ಇಂಗ್ಲಿಷಿನ 4ರ ಗುರುತು. 1804ರಿಂದ ಆ ಜಾಗಕ್ಕೆ ಕಂಪನಿಯ ಲಾಂಛನ ಬಂತು. ಪೈಸೆ ಸುಮಾರು 6.5 ಗ್ರಾಂ, ಒಂದೂವರೆ ಪೈಸೆ 9.7, ಎರಡು ಪೈಸೆ 13ರ ಹತ್ತಿರ.

ಮದ್ರಾಸಿನದು ಕಾಸು. 1803 ಮತ್ತು 1808ರ ಇಪ್ಪತ್ತು ಕಾಸು, ಹತ್ತು ಕಾಸು ನಮ್ಮ ಕಡೆ ಸಿಗುತ್ತವೆ. ಒಂದು ಬದಿಗೆ ಎರಡು ಸಿಂಹ ಹಿಡಿದುಕೊಂಡ ಗುರಾಣಿ, ಇನ್ನೊಂದು ಬದಿಗೆ ಪರ್ಸಿಯನ್, ಕೆಳಗೆ ರೋಮನ್ ಅಂಕಿಯಲ್ಲಿ ಬೆಲೆ. ಇಪ್ಪತ್ತು ಕಾಸು ಸುಮಾರು 9.3 ಗ್ರಾಂ. ಇಲ್ಲಿ ಎಡವುವವರು ಬಹಳ: ಸ್ವಲ್ಪ ಸವೆದ ಮುಂಬಯಿ ಒಂದೂವರೆ ಪೈಸೆಯ ತೂಕವೂ ಇಷ್ಟೇ ಬರುತ್ತದೆ. ತೂಕ ಒಂದನ್ನೇ ನಂಬಬೇಡಿ. ಪಕ್ಕದ ಬೆಳಕಿನಲ್ಲಿ ಒಂದು ಅಡ್ಡ ಕಡ್ಡಿ, ಅದರ ತುದಿಯಿಂದ ಇಳಿದ ದಾರ ಕಂಡರೆ ತಕ್ಕಡಿ. ನಡುವೆ ಚೌಕ ಚೌಕ ಗುರಾಣಿ ಕಂಡರೆ ಹಿಂಬದಿ ತಿರುಗಿಸಿ ನೋಡಿಯೇ ಹೇಳಿ.

1808ರ ಕಾಸು ತುಂಬಾ ಚೆನ್ನಾಗಿ, ಆದರೆ ಮೈಯೆಲ್ಲ ಸಣ್ಣ ತೂತು ತೂತಾಗಿ ಸಿಕ್ಕಿದರೆ ಅದಕ್ಕೊಂದು ಕಥೆ ಇರಬಹುದು. ಮದ್ರಾಸಿಗೆ ಈ ಕಾಸು ಹೇರಿಕೊಂಡು ಹೊರಟ ಅಡ್ಮಿರಲ್ ಗಾರ್ಡ್ನರ್ ಅನ್ನುವ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳ ದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅದರ ನಾಣ್ಯ ರಾಶಿ ರಾಶಿ ಮೇಲೆತ್ತಿದರು. ಅವು ಯಾವ ಸಂತೆಯನ್ನೂ ಕಾಣಲಿಲ್ಲ, ಕೈಯಿಂದ ಸವೆಯಲಿಲ್ಲ, ಉಪ್ಪುನೀರು ತಿಂದದ್ದು ಮಾತ್ರ. ಸವೆತ ಬೇರೆ, ತುಕ್ಕು ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

1835ರ ನಂತರದ ಕಾಲಾಣೆಯನ್ನು ಗುರುತಿಸುವುದು ಸುಲಭ. 6.48 ಗ್ರಾಂ, ದುಂಡಗೆ, ತೆಳ್ಳಗೆ. ಎಲೆಬಳ್ಳಿಯ ಹಾರದೊಳಗೆ ಬೆಲೆ, ಇನ್ನೊಂದು ಬದಿಗೆ ಸಿಂಹಗಳು. ಲಾಂಛನದ ಕೆಳಗೆ 1835, 1857, 1858 ಈ ಮೂರರಲ್ಲೊಂದು ವರ್ಷ. 1862ರಿಂದ ವಿಕ್ಟೋರಿಯಾ, ಮೊದಲು ಕ್ವೀನ್, 1877ರಿಂದ ಎಂಪ್ರೆಸ್. 1906ರಲ್ಲಿ ತಾಮ್ರ ಬಿಟ್ಟು ಕಂಚಿಗೆ ಹೋದರು, ತೂಕ 4.86ಕ್ಕೆ ಇಳಿಯಿತು. ಆದ್ದರಿಂದ ರಾಜನ ಮುಖ ಅಳಿಸಿಹೋಗಿದ್ದರೂ ಕಾಲಾಣೆ 5 ಗ್ರಾಮಿಗಿಂತ ಕಡಿಮೆ ತೂಗಿದರೆ ಹೆಚ್ಚಾಗಿ ಅದು ಇಪ್ಪತ್ತನೇ ಶತಮಾನದ್ದು.

ಗೋವೆಯವು ಕಾರವಾರದ ಕಡೆ ಜಾಸ್ತಿ. 1881ರಿಂದ 1886ರ ನಡುವಿನ ಕಾಲು ತಾಂಗ, ಅರೆಕಾಲು ತಾಂಗದ ಮೇಲೆ ದೊರೆ ಲೂಯಿಸನ ಮುಖ. ವಿಕ್ಟೋರಿಯಾ ಅಂದುಕೊಂಡು ಬಿಸಾಕಬೇಡಿ, ಇವನಿಗೆ ಗಡ್ಡಮೀಸೆ ಇದೆ. ಡಚ್ಚರ ದುಯಿತ್ ಸಣ್ಣದು, 3 ಗ್ರಾಂ ಚಿಲ್ಲರೆ, ಒಂದು ಬದಿಗೆ ದೊಡ್ಡ ವಿ ಅಕ್ಷರದ ಎರಡು ತೋಳಿಗೆ ಓ ಮತ್ತು ಸಿ ಹೆಣೆದ ಗುರುತು. ಆ ದೊಡ್ಡ ವಿ ಅಳಿಸುವುದೇ ಇಲ್ಲ.

ಇನ್ನು ಬಿಲ್ಲೆ ತೀರಾ ಭಾರ, ಬೂದಿ ಬಣ್ಣ, ಉಗುರಿನಲ್ಲಿ ಗೀರು ಬೀಳುವಷ್ಟು ಮೆತ್ತಗೆ ಇದ್ದರೆ ಅದು ಸೀಸ. ಕಾರವಾರ, ಬನವಾಸಿಯ ಸುತ್ತ ಚುಟು ಅರಸರ ಕಾಲದ ಸೀಸದ ನಾಣ್ಯ ಸಿಕ್ಕಿವೆ, ಸಾವಿರದ ಏಳುನೂರು ವರ್ಷಕ್ಕೂ ಹಳೆಯವು. ಅದು ನನ್ನ ನಿಮ್ಮ ಕೆಲಸ ಅಲ್ಲ. ಮುಟ್ಟದೆ ತಿಳಿದವರಿಗೆ ತೋರಿಸಿ.

ಹನುಮಂತನ ನಾಣ್ಯ

ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಈಸ್ಟ್ ಇಂಡಿಯಾ ಕಂಪನಿ, 1818, ಹಿಂದೆ ಹನುಮಂತ ಅಥವಾ ರಾಮ ಸೀತೆ ಅಥವಾ ಓಂ. ವಾರಕ್ಕೊಬ್ಬರಾದರೂ ನನಗೆ ಇದರ ಫೋಟೋ ಕಳಿಸುತ್ತಾರೆ. ಕಂಪನಿ ಅಂಥ ನಾಣ್ಯ ಯಾವತ್ತೂ ಹೊರಡಿಸಿಲ್ಲ. ಜಾತ್ರೆಯಲ್ಲಿ ಮಾರುವುದಕ್ಕೆ ಮಾಡಿದ ಬಿಲ್ಲೆ ಅದು. ದೇವರ ಮನೆಯಲ್ಲಿ ಇಟ್ಟುಕೊಳ್ಳಿ, ತಪ್ಪಿಲ್ಲ, ಆದರೆ ಹಳೇದು ಅಂತ ಕೊಳ್ಳಬೇಡಿ. ಇದು ಅಕ್ಕಿ ಎಳೆಯುತ್ತದೆ, ಒಳಗೆ ಇರಿಡಿಯಂ ಇದೆ, ಕೋಟಿ ಬಾಳುತ್ತದೆ ಅಂತ ಬಂದವರ ಜೊತೆ ಚಾ ಕೂಡ ಕುಡಿಯಬೇಡಿ. ನಮ್ಮ ಪರಿಚಯದ ಒಬ್ಬರು ಅಡಿಕೆ ಮಾರಿದ ಹಣ ಪೂರ್ತಿ ಅದಕ್ಕೆ ಸುರಿದರು.

ನಕಲಿ ಹಿಡಿಯುವುದಕ್ಕೆ ಅಂಚು ನೋಡಿ. ಎರಕ ಹೊಯ್ದದ್ದಾದರೆ ಅಂಚಿನ ಸುತ್ತ ಜೋಡಣೆಯ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ, ಮೈ ಮೇಲೆ ಗುಳ್ಳೆ ಒಡೆದಂಥ ಸಣ್ಣ ಕುಳಿಗಳು ಇರುತ್ತವೆ. ಇನ್ನೊಂದು, ನಿಜವಾದ ಸವೆತ ಉಬ್ಬಿದ ಕಡೆ ಜಾಸ್ತಿ, ತಗ್ಗಿನಲ್ಲಿ ಕಡಿಮೆ. ಎಲ್ಲ ಕಡೆ ಒಂದೇ ಸಮ ಮಸುಕಾಗಿದ್ದರೆ ಅದು ಸವೆದದ್ದಲ್ಲ, ಮಸುಕಾಗಿಯೇ ಹುಟ್ಟಿದ್ದು.

ದರ್ಜೆ ಹಾಕುವುದು

ದರ್ಜೆಗೆ ನಮ್ಮವರು ಬಳಸುವುದೆಲ್ಲ ಇಂಗ್ಲಿಷ್ ಮಾತೇ. ಅದರ ಅಂಕಿ ಪದ್ಧತಿ ಬಂದದ್ದು ಅಮೆರಿಕದಿಂದ, ಅದೂ ಅವರ ಹಳೇ ತಾಮ್ರದ ಸೆಂಟುಗಳಿಗೆ ಅಂತಲೇ. ಶೆಲ್ಡನ್ ಅನ್ನುವವರು 1949ರಲ್ಲಿ 1ರಿಂದ 70ರವರೆಗೆ ಅಂಕ ಕೊಡುವ ಕ್ರಮ ತಂದರು. ಅಲ್ಲಿನವರಿಗೆ ತಾಮ್ರದ ಹುಚ್ಚು ಬಹಳ. ಕನೆಕ್ಟಿಕಟ್ ರಾಜ್ಯ 1785ರಿಂದ 1788ರವರೆಗೆ ಹೊರಡಿಸಿದ ತಾಮ್ರದ ನಾಣ್ಯವೊಂದರಲ್ಲೇ ಮುನ್ನೂರಕ್ಕೂ ಹೆಚ್ಚು ಅಚ್ಚಿನ ಬಗೆ ಗುರುತಿಸಿದ್ದಾರೆ. ಅವುಗಳ ನಿಗದಿತ ತೂಕವೂ ನಮ್ಮ ಇಪ್ಪತ್ತು ಕಾಸಿನಷ್ಟೇ, 9.3 ಗ್ರಾಂ. ಅವೂ ನಮ್ಮ ಟಿಪ್ಪು ಪೈಸೆಯ ಹಾಗೆ ಅಂಕುಡೊಂಕು, ಅರ್ಧ ಅಚ್ಚು, ನುಣ್ಣಗೆ ಸವೆದವು. ಅವರು ಕೇಳುವ ಮೊದಲ ಪ್ರಶ್ನೆ ಏನು ಗೊತ್ತಾ? ಮುಖ ಎಡಕ್ಕೋ ಬಲಕ್ಕೋ, ಎದೆಯ ಮೇಲೆ ಕವಚವೋ ಬಟ್ಟೆಯೋ. ಆನೆಗೆ ನಾವು ಮಾಡಿದ್ದೂ ಅದನ್ನೇ.

ಲೆಕ್ಕ ಹೀಗೆ. ಪೂರ್ 1: ಯಾವ ನಾಣ್ಯ ಅಂತ ಕಷ್ಟಪಟ್ಟು ಹೇಳಬಹುದು, ಅಷ್ಟೆ. ಫೇರ್ 2, ಅಬೌಟ್ ಗುಡ್ 3: ಆಕಾರದ ಚೂರು ಚೂರು ಉಳಿದಿದೆ. ಗುಡ್ 4ರಿಂದ 6: ಹೊರಗೆರೆ ಪೂರ್ತಿ ಇದೆ, ಒಳಗೆ ಏನೂ ಇಲ್ಲ. ಹೆಸರು ಗುಡ್, ನಾಣ್ಯ ಮಾತ್ರ ಕೆಟ್ಟದ್ದು. ವೆರಿ ಗುಡ್ 8 ಅಥವಾ 10: ಒಳಗೆ ಕಿವಿ, ಕಣ್ಣಿನಂಥದ್ದು ಒಂದೆರಡು ಕಾಣುತ್ತದೆ. ಫೈನ್ 12ರಿಂದ 15: ಮುಖ್ಯ ಗೆರೆ ಎಲ್ಲ ಇವೆ, ಉಬ್ಬಿದ ಭಾಗ ಚಪ್ಪಟೆ. ವೆರಿ ಫೈನ್ 20ರಿಂದ 35. ಎಕ್ಸ್‌ಟ್ರಾ ಫೈನ್ 40ರ ಮೇಲೆ. ಅಟ್ಟದ ಚೆಂಬಿನಿಂದ ಬಂದವು ಅಲ್ಲಿಗೆ ಮುಟ್ಟುವುದು ಅಪರೂಪ, ಆ ಚಿಂತೆ ಬಿಡಿ. ನನ್ನ ನಲವತ್ತೊಂದರಲ್ಲಿ ಫೈನ್ ದಾಟಿದ್ದು ಮೂರು.

ಯಾವ ಜಾಗ ಮೊದಲು ಸವೆಯುತ್ತದೆ ಅಂತ ಗೊತ್ತಿದ್ದರೆ ದರ್ಜೆ ಸುಲಭ. ಆನೆಯಲ್ಲಿ ಹೊಟ್ಟೆ ಮತ್ತು ಭುಜ ಮೊದಲು ಹೋಗುತ್ತವೆ, ಕಾಲು ಕೊನೆಗೆ. ಕಂಪನಿ ಲಾಂಛನದಲ್ಲಿ ಗುರಾಣಿಯ ನಡು ಮತ್ತು ಸಿಂಹದ ಮೈ. ವಿಕ್ಟೋರಿಯಾದಲ್ಲಿ ಕೆನ್ನೆಯ ಮೇಲಿನ ಕೂದಲು, ರವಿಕೆಯ ಹೂವಿನ ಕಸೂತಿ.

ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಸವೆತ ಮತ್ತು ಅರೆಪೆಟ್ಟು ಒಂದೇ ಥರ ಕಾಣುತ್ತವೆ. ಕೈಯಲ್ಲಿ ಸುತ್ತಿಗೆಯಿಂದ ಬಡಿಯುವಾಗ ಪೆಟ್ಟು ಒಂದು ಕಡೆ ಬಲವಾಗಿ, ಇನ್ನೊಂದು ಕಡೆ ಹಗುರವಾಗಿ ಬೀಳುತ್ತದೆ. ಹಗುರ ಬಿದ್ದ ಕಡೆ ಚಿತ್ರ ಮೂಡುವುದೇ ಇಲ್ಲ. ಅಚ್ಚು ಬಿಲ್ಲೆಗಿಂತ ದೊಡ್ಡದಿದ್ದರೆ ಊರಿನ ಹೆಸರಿನ ಅರ್ಧ ಹೊರಗೇ ಉಳಿಯುತ್ತದೆ. ಇವು ಸವೆತ ಅಲ್ಲ, ಅಂಕ ಕಳೆಯಬೇಡಿ. ಗೊತ್ತು ಮಾಡುವುದು ಹೇಗೆ? ಭೂತಗನ್ನಡಿಯಲ್ಲಿ ಆ ಖಾಲಿ ಜಾಗ ನೋಡಿ. ಸವೆದ ಜಾಗ ಸೋಪಿನ ಚೂರಿನ ಹಾಗೆ ನುಣ್ಣಗಿರುತ್ತದೆ. ಪೆಟ್ಟು ಬೀಳದ ಜಾಗ ಒರಟು, ಬಿಲ್ಲೆ ಕತ್ತರಿಸಿದಾಗಿನ ತರಿ ಹಾಗೇ ಇರುತ್ತದೆ. ಅದರ ಪಕ್ಕದಲ್ಲೇ ಇರುವ ಗೆರೆ ಚೂಪಾಗಿದ್ದರೆ ಅರೆಪೆಟ್ಟು ಖಾತ್ರಿ.

ಆಮೇಲೆ ಗಾಯದ ಲೆಕ್ಕ. ಅಮೆರಿಕದ ತಾಮ್ರದವರ ಕ್ರಮ ನನಗೆ ಇಷ್ಟ: ಮೊದಲು ಸವೆತಕ್ಕೆ ಮಾತ್ರ ಅಂಕ ಹಾಕಿ, ಆಮೇಲೆ ಗೀರು, ತೂತು, ತುಕ್ಕು, ತಿಕ್ಕಿದ್ದು ಇವಕ್ಕೆ ಕಳೆಯಿರಿ. ಸವೆತದಲ್ಲಿ ಫೈನ್ 12 ಇರುವ ಇಪ್ಪತ್ತು ಕಾಸು, ಆದರೆ ಕೊರಳಿಗೆ ಕಟ್ಟಲು ತೂತು ಕೊರೆದಿದ್ದಾರೆ, ಒಂದು ಬದಿಗೆ ತುಕ್ಕು. ಕಳೆದರೆ ಗುಡ್ 5. ಎರಡೂ ಅಂಕ ಬರೆಯಿರಿ. ಕೊಳ್ಳುವವರಿಗೆ ಬರೀ 5 ಅಂದರೆ ಒಳಗೆ ಏನೂ ಕಾಣದ ನಾಣ್ಯ ಅಂದುಕೊಳ್ಳುತ್ತಾರೆ, ಬರೀ 12 ಅಂದರೆ ತೂತು ಮುಚ್ಚಿಟ್ಟ ಹಾಗೆ. ಕಳೆಯುವುದು ಎಷ್ಟು ಅನ್ನುವುದಕ್ಕೆ ಸೂತ್ರ ಇಲ್ಲ, ಇಬ್ಬರು ಕೂತರೆ ಎರಡು ಅಂಕ ಬರುತ್ತದೆ. ಜಗಳ ಆಡಬೇಡಿ. ಬಣ್ಣ ಮಾತ್ರ ಗಮನಿಸಿ: ಕಂದು, ಕಪ್ಪು, ಕಾಫಿ ಬಣ್ಣ ಸರಿ. ಹೊಸ ತಾಮ್ರದ ತಂಬಿಗೆಯ ಕೆಂಪು ಇದ್ದರೆ ಯಾರೋ ತಿಕ್ಕಿದ್ದಾರೆ.

ಕರಾವಳಿಯ ಗಾಳಿ

ನಮ್ಮ ಮುಖ್ಯ ಶತ್ರು ಇದು. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ನಾಣ್ಯದ ಮೇಲೆ ಗಟ್ಟಿಯಾಗಿ ಕೂತ ಕಡುಹಸಿರು ಇದ್ದರೆ ಹೆದರಬೇಡಿ, ಅದು ಹಳೇ ಚರ್ಮ. ತಿಳಿಹಸಿರು, ಹಿಟ್ಟಿನಂತೆ ಉದುರುವ ಪುಡಿ ಇದ್ದರೆ ಹೆದರಿ. ಉಪ್ಪಿನ ಕ್ಲೋರೈಡು ತಾಮ್ರದೊಳಗೆ ಸೇರಿಕೊಂಡು, ತೇವ ಸಿಕ್ಕಾಗಲೆಲ್ಲ ತಿನ್ನುತ್ತಾ ಹೋಗುತ್ತದೆ. ಒಂದು ಆಷಾಢ ಸಾಕು ಕುಳಿ ಬೀಳುವುದಕ್ಕೆ. ಅಂಥದ್ದನ್ನು ಕೂಡಲೇ ಬೇರೆ ಇಡಿ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ವಾರ ಎರಡು ವಾರ. ಬಾವಿ ನೀರು, ನಲ್ಲಿ ನೀರು ಬೇಡ. ಆಮೇಲೆ ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಜಿಡ್ಡು ಮಾತ್ರ ಇದ್ದರೆ ಅಸಿಟೋನ್, ಕಿಟಕಿ ತೆರೆದುಕೊಂಡು, ಒಲೆಯಿಂದ ದೂರ.

ಕೊಬ್ಬರಿ ಎಣ್ಣೆ ಸವರಬೇಡಿ. ನಮ್ಮ ಕಡೆ ಎಲ್ಲದಕ್ಕೂ ಅದೇ ಮದ್ದು, ಆದರೆ ಎಣ್ಣೆ ಕಮಟಾದರೆ ಹುಳಿಯಾಗುತ್ತದೆ, ಹುಳಿ ತಾಮ್ರ ತಿನ್ನುತ್ತದೆ. ಮೆತ್ತಗಿನ, ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ಮೂ ಬೇಡ, ಅದೂ ಹಸಿರು ಜಿಡ್ಡು ಹಿಡಿಸುತ್ತದೆ. ಕಾಗದದ ಲಕೋಟೆ, ಆ್ಯಸಿಡ್ ಇಲ್ಲದ್ದು ಸಿಕ್ಕರೆ ಒಳ್ಳೇದು.

ತೋಟ ಅಗೆಯುವಾಗ ನೆಲದಲ್ಲಿ ಸಿಕ್ಕಿದರೆ ಅದು ಅಟ್ಟದ ಚೆಂಬಿನ ಹಾಗಲ್ಲ. ನಿಧಿ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ, ಅಮೆರಿಕದಲ್ಲಿರುವ ತಮ್ಮನಿಗೆ ಪೋಸ್ಟ್ ಮಾಡುವುದೂ ಬೇಡ.

ಕೊನೆಗೆ ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬರೆದು ಲಕೋಟೆಗೆ ಹಾಕಿ. ಅನುಮಾನ ಇದ್ದರೆ ಅನುಮಾನ ಅಂತಲೇ ಬರೆಯಿರಿ. ನನ್ನದೊಂದು ಚೀಟಿ ಹೀಗಿದೆ:

ಟಿಪ್ಪು, ಒಂದು ಪೈಸೆ. ಆನೆ ಬಲಕ್ಕೆ. ಟಂಕಸಾಲೆ ನಗರ್ ಇರಬಹುದು, ಕೊನೆಯ ಅಕ್ಷರ ಮಾತ್ರ ಇದೆ. ವರ್ಷ ಇಲ್ಲ. 10.74 ಗ್ರಾಂ. ಸವೆತ 4, ಕಳೆದು 3. ಶಿರಸಿ ಚೆಂಬು.

ಇನ್ನೊಂದು ಹೀಗೆ: ಆನೆ ಇತ್ತು. 10.2 ಗ್ರಾಂ. ದರ್ಜೆ 1. ಹುಣಸೆಹಣ್ಣಿನಲ್ಲಿ ತಿಕ್ಕಿದ್ದು, ನಾನೇ.